ಚಳಿಗೆ ಮಾತ್ರ ಕೇಳುವ ಶಬ್ದ

ಅಕ್ಕೋರು ಎಡಗೈಯ ತೋರುಬೆರಳು ಎತ್ತಿದರೆಂದರೆ ಕಾರಿನಲ್ಲಿದ್ದವರು ಬಾಯಿ ಮುಚ್ಚಬೇಕು. ಸೀಟಿನ ಬೆಲ್ಟ್ ಎಳೆಯುವ ಸದ್ದೂ ಬೇಡ. ಅವರು ಕಣ್ಣು ಮುಚ್ಚಿ, ಕುತ್ತಿಗೆ ಓರೆ ಮಾಡಿ, ಎಡಗಿವಿಯನ್ನು ಬಾನೆಟ್ಟಿನ ಕಡೆಗೆ ಕೊಟ್ಟು ಕೀಲಿ ತಿರುಗಿಸುತ್ತಿದ್ದರು. ಡಿಸೆಂಬರ್ ಬಂತೆಂದರೆ ತಲೆಗೆ ಉಣ್ಣೆಯ ಮಫ್ಲರ್ ಸುತ್ತಿಕೊಳ್ಳುತ್ತಿದ್ದರು, ಆದರೆ ಎಡಗಿವಿಯಷ್ಟು ಭಾಗ ಹೊರಗೇ ಇರುತ್ತಿತ್ತು. ಪಾಪ, ಆ ಒಂದು ಕಿವಿ ಮಾತ್ರ ಚಳಿಗೆ ಕೆಂಪಗಾಗಿರುತ್ತಿತ್ತು.

“ಕೇಳ್ತಾ?”

“ಎಂತ ಅಕ್ಕೋರೆ?”

“ಶಬ್ದ.”

ಮೊದಮೊದಲು ನನಗೆ ಕೇಳುತ್ತಿದ್ದದ್ದು ದೂರದ ರೈಲಿನ ಕೂಗು ಮತ್ತು ಬೆಳಿಗ್ಗೆ ತಿಂಡಿ ತಿನ್ನದೆ ಹೊರಟ ನನ್ನದೇ ಹೊಟ್ಟೆಯ ಗುರುಗುರು. ಇಲ್ಲ ಎಂದರೆ ಅವರಿಗೆ ಸಿಟ್ಟು, ಹೌದು ಎಂದರೆ ಭಯ. ಹಾಗಾಗಿ ನಾನು “ಎಂತೋ ಸ್ವಲ್ಪ” ಎನ್ನುವುದನ್ನು ರೂಢಿ ಮಾಡಿಕೊಂಡೆ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎಂದೇ ಕರೆಯುವುದು. ಆ ಲೆಕ್ಕದಲ್ಲಿ ನಾನೂ ಅಕ್ಕೋರೇ. ಆದರೆ ನಮ್ಮ ಹೈಸ್ಕೂಲಿನಲ್ಲಿ ಬರಿದೇ ಅಕ್ಕೋರು ಎಂದರೆ ಅವರೊಬ್ಬರೇ, ಹಿಂದಿ ಕಲಿಸುವವರು. ನಾನು ಸಮಾಜ ವಿಜ್ಞಾನ. ಇಬ್ಬರ ಮನೆಯೂ ಹೊನ್ನಾವರದ ಒಂದೇ ಓಣಿಯಲ್ಲಿ, ಎದುರುಬದುರು. ಶಾಲೆ ಇರುವುದು ಮುರ್ಡೇಶ್ವರದ ಹತ್ತಿರ. ಬಸ್ಸಿಗೆ ಕಾದು ಕಾದು ಬೇಸತ್ತಿದ್ದ ನನ್ನನ್ನು ಅವರು ತಮ್ಮ ಹಳೆಯ ಡೀಸೆಲ್ ಕಾರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಹೋದ ತಿಂಗಳು ಅವರು ನಿವೃತ್ತರಾದರು. ಬೀಳ್ಕೊಡುವ ದಿನ ಎಲ್ಲರೂ ಅವರ ಶಿಸ್ತನ್ನು ಹೊಗಳಿದರು. ನನ್ನನ್ನೂ ಎಬ್ಬಿಸಿದರು. ಒಂದು ದಿನವೂ ತಡವಾಗಿ ಬಂದವರಲ್ಲ ಎಂದು ನಾನೂ ಅದನ್ನೇ ಹೇಳಿ ಕುಳಿತೆ. ಅದು ಸುಳ್ಳು ಎಂದು ಅಕ್ಕೋರಿಗೂ ಗೊತ್ತು, ನನಗೂ ಗೊತ್ತು. ತಡವಾದ ದಿನಗಳಿದ್ದವು, ಆ ದಿನಗಳ ವಿಷಯವನ್ನೇ ಹೇಳಬೇಕಿತ್ತು. ಮೈಕಿನ ಮುಂದೆ ಅದು ಬಾಯಿಗೆ ಬರಲಿಲ್ಲ.

ಮೊದಲು ಚಳಿಯ ವಿಷಯ ಹೇಳಿಬಿಡುತ್ತೇನೆ. ಕರಾವಳಿಯಲ್ಲಿ ಎಂತಹ ಚಳಿ ಎಂದು ಘಟ್ಟದ ಮೇಲಿನವರು ನಗುತ್ತಾರೆ. ನಗಲಿ. ಡಿಸೆಂಬರ್ ಕೊನೆಗೆ ಶರಾವತಿಯ ಮೇಲೆ ಮಂಜು ಕೂತು, ಪೂರ್ವದಿಂದ ಒಣಗಾಳಿ ಬೀಸತೊಡಗಿದರೆ, ವರ್ಷವಿಡೀ ಬೆವರಿಯೇ ಗೊತ್ತಿರುವ ನಮಗೆ ಅಷ್ಟೇ ಸಾಕು. ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಗಟ್ಟಿಯಾಗುತ್ತದೆ. ಅಕ್ಕೋರ ಕಾರಿನೊಳಗೂ ಅಂಥದ್ದೇ ಏನೋ ಆಗುತ್ತಿತ್ತು. ಕೀಲಿ ತಿರುಗಿಸಿದ ಕೂಡಲೇ ಮೊದಲು ಕಿಂಯ್ ಎಂಬ ಒಂದು ಕೂಗು. ಅದರ ಬೆನ್ನಿಗೇ ಒಳಗೆಲ್ಲೋ ಪಟಪಟ ಸಿಡಿತ. ಅಕ್ಕೋರು ಅದನ್ನು ಸ್ಟಾಫ್ ರೂಮಿನಲ್ಲಿ ವಿವರಿಸುತ್ತಿದ್ದದ್ದು ಹೀಗೆ: “ಒಗ್ಗರಣೆಗೆ ಸಾಸಿವೆ ಹಾಕಿ ಮೇಲೆ ತಟ್ಟೆ ಮುಚ್ಚಿದ್ರೆ ಹೆಂಗೆ? ಹಂಗೆ.” ಹೇಳಿ ನಿಲ್ಲಿಸುತ್ತಿರಲಿಲ್ಲ, ಬಾಯಲ್ಲಿ ಮಾಡಿಯೂ ತೋರಿಸುತ್ತಿದ್ದರು. ಗಣಿತದ ಮಾಸ್ತರು ಬ್ಯಾಟರಿ ಎಂದರು, ಹೆಡ್ಮಾಸ್ತರು ಡೀಸೆಲ್ಲಿನಲ್ಲಿ ನೀರು ಸೇರಿದೆ ಎಂದರು. ಅಕ್ಕೋರು ಎಲ್ಲರ ಮಾತನ್ನೂ ನಂಬಿ ಎಲ್ಲದಕ್ಕೂ ಹೆದರಿದರು.

ಅವರು ಹೆದರುವುದಕ್ಕೆ ಕಾರಣವಿತ್ತು, ಅದು ನಮಗೆಲ್ಲ ಗೊತ್ತಿತ್ತು. ಅವರ ಯಜಮಾನರ ಎರಡೂ ಕಿಡ್ನಿ ಹೋಗಿತ್ತು. ಬ್ಯಾಂಕಿನಿಂದ ನಿವೃತ್ತರಾದ ವರ್ಷವೇ ಅದು ಗೊತ್ತಾದದ್ದು. ಡಯಾಲಿಸಿಸ್ಸಿಗೆ ಊರಲ್ಲೇ ವ್ಯವಸ್ಥೆ ಇತ್ತು, ವಾರಕ್ಕೆರಡು ಸಲ ನಡೆಯುತ್ತಿತ್ತು. ಅಕ್ಕೋರು ತಮ್ಮ ಕಿಡ್ನಿ ಕೊಡಲು ಹೊರಟರೆ, ನಿಮಗೇ ಸಕ್ಕರೆ ಕಾಯಿಲೆ ಇದೆ, ಆಗುವುದಿಲ್ಲ ಎಂದು ವೈದ್ಯರು ವಾಪಸು ಕಳಿಸಿದರು. ಮಕ್ಕಳಿರಲಿಲ್ಲ. ಕೊನೆಗೆ ದಕ್ಷಿಣದ ಕಡೆಯ ಊರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಹೆಸರು ಬರೆಸಿ ಬಂದರು. ಎಲ್ಲಿಯೋ ಯಾರೋ ತೀರಿಕೊಂಡು, ಅವರ ಮನೆಯವರು ದಾನಕ್ಕೆ ಒಪ್ಪಿ, ರಕ್ತದ ಗುಂಪೂ ಹೊಂದಿದರೆ ಫೋನ್ ಬರುತ್ತದೆ. ಅದು ಇವತ್ತೇ ಬರಬಹುದು, ಮೂರು ವರ್ಷ ಬಾರದೆಯೂ ಇರಬಹುದು. ಬಂದರೆ ಮಾತ್ರ ಕೂಡಲೇ ಹೊರಟು ಕೆಲವೇ ಗಂಟೆಗಳಲ್ಲಿ ಅಲ್ಲಿ ಇರಬೇಕು. ಇಲ್ಲವಾದರೆ ಮುಂದಿನ ಹೆಸರಿನವರಿಗೆ ಹೋಗುತ್ತದೆ.

ಅಂದಿನಿಂದ ಅಕ್ಕೋರ ಬದುಕು ಆ ಕಾರಿನ ಸುತ್ತ ಸುತ್ತತೊಡಗಿತು. ಡಿಕ್ಕಿಯಲ್ಲಿ ಒಂದು ಚೀಲ ಯಾವಾಗಲೂ ತಯಾರು: ಎರಡು ಪಂಚೆ, ಟವೆಲು, ಆಸ್ಪತ್ರೆಯ ಕಾಗದಗಳು, ಲೋಟ. ಡೀಸೆಲ್ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಟ್ಟದ್ದಿಲ್ಲ. ಟ್ಯಾಕ್ಸಿಯವರ ನಂಬರುಗಳೂ ಇದ್ದವು, ಆದರೆ ಟ್ಯಾಕ್ಸಿಯ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. “ನಾವು ಫೋನ್ ಮಾಡಿದ ಹೊತ್ತಿಗೆ ಅವ ಗೋಕರ್ಣದಲ್ಲಿ ಯಾರನ್ನೋ ಇಳಿಸ್ತಾ ಇದ್ರೆ?” ಎನ್ನುತ್ತಿದ್ದರು. ಉತ್ತರ ದಿಕ್ಕಿಗೆ ಹೋಗುವುದನ್ನೇ ಬಿಟ್ಟಿದ್ದರು. ಆಸ್ಪತ್ರೆ ಇರುವುದು ದಕ್ಷಿಣಕ್ಕೆ, ಉತ್ತರಕ್ಕೆ ಇಟ್ಟ ಒಂದೊಂದು ಹೆಜ್ಜೆಯೂ ಅವರಿಗೆ ನಷ್ಟ.

ತಂಗಿಯ ಮಗಳ ಮದುವೆ ಕುಮಟೆಯಲ್ಲಿ ನಡೆದಾಗ ಮಾತ್ರ ಹೋಗದೆ ಗತಿಯಿರಲಿಲ್ಲ. ನಾನೂ ಜೊತೆಗಿದ್ದೆ. ಕಲ್ಯಾಣ ಮಂಟಪದ ಒಳಗೆ ಬೇಕಾದಷ್ಟು ಜಾಗವಿದ್ದರೂ ಅಕ್ಕೋರು ಕಾರನ್ನು ಗೇಟಿನ ಹೊರಗೆ, ಮೂತಿ ಹೆದ್ದಾರಿಯ ಕಡೆಗೆ ಮಾಡಿ ನಿಲ್ಲಿಸಿದರು. ಕಾವಲಿನವನು ಬೇಡ ಎಂದ. ಅವನಿಗೂ ಇವರಿಗೂ ಜಗಳವಾಯಿತು. ಊಟದ ಪಂಕ್ತಿಯ ತುದಿಯಲ್ಲೇ ಕುಳಿತು, ಎಡಗೈಯಲ್ಲಿ ಫೋನ್ ಹಿಡಿದು ಬಲಗೈಯಲ್ಲಿ ಊಟ. ಪಾಯಸ ಬಡಿಸುವಾಗ ಫೋನ್ ರಿಂಗಾಯಿತು. ಅಕ್ಕೋರು ಎಲೆಯನ್ನು ದಾಟಿಯೇ ಎದ್ದುಬಿಟ್ಟರು. ಅದು ಯಾವುದೋ ಮೊಬೈಲ್ ಕಂಪನಿಯ ಹುಡುಗಿ, ಹೊಸ ಪ್ಲಾನು ಬೇಕೆ ಎಂದು ಕೇಳುತ್ತಿದ್ದಳು. “ಬೇಡ ಮಗಾ” ಎಂದು ಕುಳಿತರು. ಆ ಪಾಯಸ ಎಲೆಯಲ್ಲೇ ಉಳಿಯಿತು.

ಚಳಿಗಾಲದಲ್ಲಿ ನಮ್ಮ ಓಣಿಯವರಿಗೆ ಅಲಾರಾಂ ಬೇಕಾಗಿರಲಿಲ್ಲ. ಬೆಳಕು ಹರಿಯುವ ಮೊದಲೇ ಅಕ್ಕೋರು ಅಂಗಳಕ್ಕಿಳಿದು, ಕಾರು ಹಿಡಿಯುತ್ತದೆಯೇ ಎಂದು ಒಮ್ಮೆ ಸ್ಟಾರ್ಟ್ ಮಾಡಿ ನೋಡುತ್ತಿದ್ದರು. ಕಿಂಯ್, ಪಟಪಟ. ಹಿಡಿಯಿತು ಎಂದು ಸಮಾಧಾನ, ಶಬ್ದ ಬಂತು ಎಂದು ಅಸಮಾಧಾನ. ಒಂದಷ್ಟು ಹೊತ್ತು ಬಿಟ್ಟು ಮತ್ತೊಮ್ಮೆ. ಸಂಜೆಯಾದರೆ ಬಾನೆಟ್ಟಿನ ಮೇಲೆ ಹಳೆಯ ಕಂಬಳಿ ಹೊದಿಸುತ್ತಿದ್ದರು. “ಕಾರಿಗೆ ಬಾಣಂತನ ಜೋರು” ಎಂದು ನಾನೇ ತಮಾಷೆ ಮಾಡಿದ್ದೇನೆ. ಅವರು ನಗುತ್ತಿರಲಿಲ್ಲ, ಕಂಬಳಿಯ ಅಂಚನ್ನು ಇನ್ನಷ್ಟು ಎಳೆದು ಸಿಕ್ಕಿಸುತ್ತಿದ್ದರು.

ಯಜಮಾನರು ಮಾತ್ರ ಯಾವುದಕ್ಕೂ ಜಗ್ಗದ ಮನುಷ್ಯ. ದಿನಕ್ಕೆ ಇಷ್ಟೇ ನೀರು ಎಂದು ವೈದ್ಯರು ಕಟ್ಟು ಹಾಕಿದ್ದರು. ಅದನ್ನು ಸಣ್ಣ ತಂಬಿಗೆಯಲ್ಲಿಟ್ಟುಕೊಂಡು, ಜಗಲಿಯಲ್ಲಿ ಕುಳಿತು, ಗುಟುಕು ಗುಟುಕಾಗಿ ಬಾಯಲ್ಲಿ ಆಡಿಸುತ್ತಾ ಹೆಂಡತಿಯನ್ನು ನೋಡುತ್ತಿದ್ದರು, ತಮ್ಮ ಮನೆಮಾತಿನಲ್ಲಿ ಕೆಣಕುತ್ತಿದ್ದರು.

“ನಿಂಗೆ ಕೇಳ್ತಾ ಇಪ್ಪದು ಗಾಡಿ ಶಬ್ದ ಅಲ್ಲ, ನಿನ್ನ ಎದೆ ಶಬ್ದ.”

“ನಿಮಗೆ ಎಂತದೂ ಕೇಳ್ತಿಲ್ಲೆ. ಕಿವಿನೂ ಹೋಯ್ದು” ಎಂದು ಇವರು.

“ಕಿವಿ ಇದ್ದು. ಹೆದರಿಕೆ ಇಲ್ಲೆ, ಅಷ್ಟೇಯ.”

ಅವರಿಗೆ ಹೆದರಿಕೆ ಇರಲಿಲ್ಲ ಎಂದು ನಾನು ನಂಬುವುದಿಲ್ಲ. ಮನೆಯಲ್ಲಿ ಹೆದರುವ ಕೆಲಸವನ್ನು ಒಬ್ಬರೇ ವಹಿಸಿಕೊಂಡಿದ್ದರಿಂದ ಇನ್ನೊಬ್ಬರಿಗೆ ನಗುವ ಕೆಲಸ ಉಳಿದಿತ್ತು, ಅಷ್ಟೆ.

ಕಾರನ್ನು ನೋಡುತ್ತಿದ್ದದ್ದು ಭಟ್ಕಳದ ಜಾಲಿ ರಸ್ತೆಯ ಒಂದು ಗ್ಯಾರೇಜಿನ ಸಾಹೇಬರು. ಒಳ್ಳೆಯ ಕೆಲಸಗಾರ, ಅದಕ್ಕಿಂತ ಒಳ್ಳೆಯ ಮಾತುಗಾರ. ಶಾಲೆ ಬಿಟ್ಟ ಮೇಲೆ ನಾವು ಅಲ್ಲಿಗೆ ಹೋಗುತ್ತಿದ್ದೆವು. ಆದರೆ ನಮ್ಮ ಸಂಕಟ ನೋಡಿ: ಅಲ್ಲಿಗೆ ಮುಟ್ಟುವಷ್ಟರಲ್ಲಿ ಎಂಜಿನ್ ಬಿಸಿಯಾಗಿ, ಶಬ್ದದ ಸುಳಿವೇ ಇರುತ್ತಿರಲಿಲ್ಲ. ಸಾಹೇಬರು ಬಾನೆಟ್ ಎತ್ತಿ, ಕಿವಿಕೊಟ್ಟು, “ಎಂತ ಇಲ್ಲ ಟೀಚರ್, ಬೆಣ್ಣೆ ಹಂಗೆ ಓಡ್ತಾ ಉಂಟು” ಎನ್ನುತ್ತಿದ್ದರು. ಅಕ್ಕೋರು ಬೆಳಿಗ್ಗೆ ಫೋನಿನಲ್ಲಿ ಹಿಡಿದಿಟ್ಟ ಶಬ್ದವನ್ನು ಕೇಳಿಸಿದರೆ ಅದರಲ್ಲಿ ಕಾಗೆಯ ಕೂಗೇ ಹೆಚ್ಚು. “ಇದು ಕಾಗೆ ಟೀಚರ್” ಎಂದರು ಅವರು. ಬೇರೆಯವರಾಗಿದ್ದರೆ ನಗುತ್ತಿದ್ದರು. ಅಕ್ಕೋರು, “ಕಾಗೆಯ ಹಿಂದೆ ಕೇಳಿ” ಎಂದರು.

ಕೊನೆಗೆ ಸಾಹೇಬರು ಒಂದು ದಾರಿ ಹೇಳಿದರು. “ತಣ್ಣಗೆ ಇರುವಾಗಲೇ ನಾನು ಕೇಳ್ಬೇಕು ಟೀಚರ್. ಒಂದು ರಾತ್ರಿ ಗಾಡಿ ಇಲ್ಲೇ ಬಿಟ್ಟು ಹೋಗಿ. ಬೆಳಿಗ್ಗೆ ನಮಾಜಿಗೆ ಏಳ್ತೇನಲ್ಲ, ಬಂದು ಸ್ಟಾರ್ಟ್ ಮಾಡಿ ನೋಡ್ತೇನೆ.”

ಸರಿಯಾದ ಮಾತು. ಆದರೆ ಒಂದು ರಾತ್ರಿ! ಅದೇ ರಾತ್ರಿ ಫೋನ್ ಬಂದರೆ? ಅಕ್ಕೋರ ಮುಖ ನೋಡಬೇಕಿತ್ತು. ಕಾರು ಸರಿಯಾಗಬೇಕಾದರೆ ಬಿಟ್ಟು ಬರಬೇಕು, ಬಿಟ್ಟು ಬಂದರೆ ಕಾರೇ ಇಲ್ಲ. ಅವತ್ತಿಗೆ ನನ್ನ ತಮ್ಮನ ಕಾರು ತರಿಸಿಡುತ್ತೇನೆ ಎಂದೆ. “ಅವನ ಗಾಡಿ ಶಬ್ದ ನಂಗೆ ಗೊತ್ತಿಲ್ಲ ತಂಗಿ. ಇದರದ್ದಾದ್ರೆ ಗೊತ್ತಿದೆ” ಎಂದರು. ಆ ಸಂಜೆ ಮನೆ ಮುಟ್ಟುವವರೆಗೆ ನಾನು ಕಿಟಕಿಯ ಕಡೆಗೇ ತಿರುಗಿ ಕುಳಿತಿದ್ದೆ, ಅಷ್ಟು ಸಿಟ್ಟು ಬಂದಿತ್ತು.

ಸಾಹೇಬರೇ ಸೋತು, ಒಂದು ದಿನ ನಮಾಜು ಮುಗಿಸಿ ಸೀದಾ ಹೊನ್ನಾವರಕ್ಕೆ ಬಂದರು. ಅವತ್ತೇ ಮೋಡ ಮುಸುಕಿ, ಇದ್ದ ಚಳಿಯೆಲ್ಲ ಹಾರಿಹೋಗಿತ್ತು. ಅಕ್ಕೋರು ಬೆರಳು ಎತ್ತಿದರು, ಯಜಮಾನರು, ಸಾಹೇಬರು, ನಾನು ಮೂವರೂ ಉಸಿರು ಬಿಗಿಹಿಡಿದು ನಿಂತೆವು. ಕಾರು ಒಂದೇ ಸಲಕ್ಕೆ ಹಿಡಿಯಿತು. ಕಿಂಯ್ ಇಲ್ಲ, ಪಟಪಟ ಇಲ್ಲ. ಅಕ್ಕೋರಿಗೆ ಅಳು ಬಂದುಬಿಟ್ಟಿತು. “ದಿನಾ ಮಾಡ್ತದೆ ಸಾಹೇಬ್ರೆ, ದೇವರಾಣೆ ದಿನಾ ಮಾಡ್ತದೆ” ಎಂದರು. ಸಾಹೇಬರು ಅವಲಕ್ಕಿ ತಿಂದು, ಚಾ ಕುಡಿದು, “ನನ್ನ ಕಂಡ್ರೆ ಅದಕ್ಕೆ ಹೆದರಿಕೆ ಟೀಚರ್” ಎಂದು ನಗಿಸಿ ಹೋದರು. ಹೋಗುವಾಗ ನನ್ನನ್ನು ಬದಿಗೆ ಕರೆದು, ಮೇಲಿಂದ ಮೇಲೆ ಸ್ಟಾರ್ಟ್ ಮಾಡಿ ನೋಡುವುದು ಬೇಡ, ಅದರಿಂದಲೇ ಬ್ಯಾಟರಿ ಇಳಿಯುತ್ತದೆ ಎಂದರು. ನಾನು ಅದನ್ನು ಅಕ್ಕೋರಿಗೆ ಹೇಳಲಿಲ್ಲ. ಹೇಳಿದ್ದರೆ ಹೆದರುವುದಕ್ಕೆ ಇನ್ನೊಂದು ವಿಷಯ ಸಿಗುತ್ತಿತ್ತು.

ಒಂದು ಮಾತನ್ನು ಅವರು ಆಗಾಗ ಹೇಳುತ್ತಿದ್ದರು: “ಬೆಚ್ಚಗಾದ ಮೇಲೆ ಎಲ್ಲವೂ ಸುಮ್ಮನಾಗ್ತದೆ ತಂಗಿ. ತಣ್ಣಗಿರುವಾಗ ಕೇಳಿದವರಿಗೇ ಗೊತ್ತು.” ತರಗತಿಯಲ್ಲೂ ಹಾಗೆಯೇ. ಮೊದಲ ಪಿರಿಯಡ್ಡಿನಲ್ಲಿ, ಮಕ್ಕಳು ಇನ್ನೂ ಆಕಳಿಸುತ್ತಿರುವಾಗಲೇ, ಒಬ್ಬೊಬ್ಬರ ಮುಖ ನೋಡಿಕೊಂಡು ಬರುತ್ತಿದ್ದರು. ಯಾರ ಮನೆಯಲ್ಲಿ ಹಿಂದಿನ ದಿನ ಜಗಳವಾಗಿದೆ, ಯಾರು ಏನೂ ತಿನ್ನದೆ ಬಂದಿದ್ದಾರೆ ಎಂಬುದು ಅವರಿಗೆ ತಿಳಿಯುತ್ತಿತ್ತು. ಫೋನ್ ಮೇಜಿನ ಮೇಲೆ, ಮುಖ ಮೇಲಾಗಿ. ತರಗತಿಗೆ ಫೋನ್ ಒಯ್ಯುವ ಅನುಮತಿ ಶಾಲೆಯಲ್ಲಿ ಅವರೊಬ್ಬರಿಗೇ ಇತ್ತು.

ಫೋನ್ ಬಂದದ್ದು ಎರಡನೆಯ ಚಳಿಗಾಲದಲ್ಲಿ, ಜನವರಿಯ ಒಂದು ಬೆಳಗಿನ ಜಾವ. ನಮ್ಮ ಬಾಗಿಲು ಬಡಿದ ಸದ್ದಿಗೆ ನಾನು ಎದ್ದು ಬಂದರೆ ಅಕ್ಕೋರು ಮಫ್ಲರ್ ಇಲ್ಲದೆ, ಚಪ್ಪಲಿಯೂ ಇಲ್ಲದೆ ನಿಂತಿದ್ದರು. “ಬಂತು” ಎಂದರು, ಅಷ್ಟೇ. ನಾನು ಹಿಂದಿನ ಸೀಟಿಗೆ ಹತ್ತಿಕೊಂಡೆ. ಯಜಮಾನರು ಮುಂದೆ ಕುಳಿತು, ಶಾಲನ್ನು ಮೊಣಕಾಲಿನ ಮೇಲೆ ಹರಡಿಕೊಂಡಿದ್ದರು. ಹೊರಗೆ ಮಂಜು ಎಷ್ಟಿತ್ತೆಂದರೆ ನಮ್ಮ ಮನೆಯ ಗೇಟು ಕಾಣುತ್ತಿರಲಿಲ್ಲ.

ಮೊದಲ ಸಲ ಕಾರು ಹಿಡಿಯಲಿಲ್ಲ. ಎರಡನೆಯ ಸಲ ಗರ್ ಎಂದು ನಿಂತಿತು. ಮನಸ್ಸಿನಲ್ಲಿ ನಾನು ಕಾರಿಗೆ ಕೈ ಮುಗಿಯುತ್ತಿದ್ದೆ, ಬೈಯುತ್ತಲೂ ಇದ್ದೆ. ಮೂರನೆಯ ಸಲಕ್ಕೆ ಹಿಡಿಯಿತು. ಅವತ್ತು ಆ ಶಬ್ದ ಬಂದಷ್ಟು ಜೋರಾಗಿ ಹಿಂದೆಂದೂ ಬಂದಿರಲಿಲ್ಲ, ನನ್ನ ಕಾಲಡಿಯವರೆಗೂ ಅದು ನಡುಗಿತು. ಅಕ್ಕೋರು ಮಾತ್ರ ಬೆರಳು ಎತ್ತಲಿಲ್ಲ, ಕಣ್ಣು ಮುಚ್ಚಲಿಲ್ಲ. ಗೇರ್ ಹಾಕಿ ಹೊರಟೇಬಿಟ್ಟರು.

ಸೇತುವೆಯ ಮೇಲೆ ಮುಂದಿನ ಲಾರಿಯ ಕೆಂಪು ದೀಪವೊಂದೇ ಕಾಣುತ್ತಿತ್ತು. ಅದರ ಹಿಂದೆಯೇ ಹೋದೆವು. ಮಂಕಿ ದಾಟಿದ ಮೇಲೆ ಮಂಜು ತೆಳುವಾಯಿತು. ಮುರ್ಡೇಶ್ವರದ ಕ್ರಾಸಿನಲ್ಲಿ ಅಭ್ಯಾಸಬಲದಿಂದ ಅಕ್ಕೋರ ಕೈ ಇಂಡಿಕೇಟರಿಗೆ ಹೋಗಿ ವಾಪಸು ಬಂತು. ಯಜಮಾನರು, “ಶಾಲೆಗೆ ರಜೆ ಹೇಳಿದ್ಯನೆ?” ಎಂದು ಕೇಳಿದರು. ಅಂಥ ಹೊತ್ತಿನಲ್ಲೂ ನಮಗೆ ನಗು ಬಂತು. ಭಟ್ಕಳ ದಾಟಿತು, ಜಿಲ್ಲೆಯ ಗಡಿ ದಾಟಿತು. ಆಸ್ಪತ್ರೆಯ ಮುಂದೆ ಕಾರು ನಿಂತಾಗ ಅಕ್ಕೋರು ಸ್ಟೀರಿಂಗಿನ ಮೇಲೆ ಹಣೆ ಇಟ್ಟರು. ಸಮಯಕ್ಕೆ ಬಂದಿದ್ದೆವು.

ಒಳಗೆ ರಕ್ತ ತೆಗೆದುಕೊಂಡ ಮೇಲೆ ನರ್ಸ್ ಸಮಾಧಾನದಿಂದಲೇ ವಿವರಿಸಿದರು. ಈ ಆಸ್ಪತ್ರೆಗೆ ಸಿಕ್ಕಿರುವುದು ಒಂದೇ ಕಿಡ್ನಿ, ಆದರೂ ಇಂಥ ಸಮಯದಲ್ಲಿ ಒಬ್ಬರನ್ನಲ್ಲ, ಇಬ್ಬರನ್ನು ಕರೆಸುತ್ತಾರೆ. ಪಟ್ಟಿಯಲ್ಲಿ ಯಜಮಾನರ ಹೆಸರು ಎರಡನೆಯದು. ಮೊದಲಿನವರು ಹೊತ್ತಿಗೆ ಸರಿಯಾಗಿ ಬಂದು ಎಲ್ಲ ಹೊಂದಿಕೆಯಾದರೆ ಅವರಿಗೆ. ಬಾರದಿದ್ದರೆ ನಮಗೆ. “ಅವರಿನ್ನೂ ಬಂದಿಲ್ಲ. ಇನ್ನು ಹೆಚ್ಚು ಹೊತ್ತು ಕಾಯೋ ಹಾಗಿಲ್ಲ” ಎಂದರು.

ಅದೇ ಬೆಂಚಿನ ಆ ತುದಿಯಲ್ಲಿ ಒಬ್ಬಳು ಚಿಕ್ಕ ಪ್ರಾಯದ ಹೆಂಗಸು ಕೊಂಕಣಿಯಲ್ಲಿ ಫೋನಿನಲ್ಲಿ ಮಾತಾಡುತ್ತಾ ಅಳುತ್ತಿದ್ದಳು. ಹೊನ್ನಾವರದಲ್ಲಿ ಬೆಳೆದವರಿಗೆ ಕೊಂಕಣಿ ಅರ್ಥವಾಗದೆ ಇರುತ್ತದೆಯೇ? ಅವಳು ಆಸ್ಪತ್ರೆಯ ಊರಿನಲ್ಲೇ ಇರುವವಳು. ಕುಮಟೆಯಿಂದ ಹೊರಟಿದ್ದ ಅವಳ ಅಕ್ಕ ಮತ್ತು ಭಾವ ಶಿರಾಲಿ ದಾಟಿ ರಸ್ತೆಯಲ್ಲೇ ನಿಂತಿದ್ದಾರೆ. ಕಾರು ಕೆಟ್ಟಿದೆ. ಕೈ ಮಾಡಿದರೆ ಯಾರೂ ನಿಲ್ಲಿಸುತ್ತಿಲ್ಲ. ಗೊತ್ತಿದ್ದ ಟ್ಯಾಕ್ಸಿಯವನು ಫೋನ್ ಎತ್ತುತ್ತಿಲ್ಲ. ಕೇಳುತ್ತಾ ಕೇಳುತ್ತಾ ನನಗೆ ಅರ್ಥವಾಯಿತು. ಮೊದಲಿನ ಹೆಸರು ಇವಳ ಅಕ್ಕನದು.

ನಾನು ಅಕ್ಕೋರ ಕೈ ಹಿಡಿದುಕೊಂಡೆ. ಅವರ ಕೈ ತಣ್ಣಗಿತ್ತು. “ಅಕ್ಕೋರೆ, ಬೇಡ” ಎಂದೆ. ಅವರು ಇನ್ನೂ ಏನೂ ಮಾಡಿರಲಿಲ್ಲ, ಆದರೂ ಬೇಡ ಎಂದೆ. ಹಾಗೆ ಹೇಳಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ. ನನಗೆ ಗೊತ್ತಿದ್ದದ್ದು ಒಳಗೆ ಮಲಗಿದ್ದ ಮನುಷ್ಯ, ರಸ್ತೆಯಲ್ಲಿ ನಿಂತವಳಲ್ಲ.

ಅಕ್ಕೋರು ಒಮ್ಮೆ ಯಜಮಾನರಿದ್ದ ಕೋಣೆಯ ಬಾಗಿಲಿನ ಕಡೆ ನೋಡಿದರು. ಅವರೊಳಗೆ ಏನು ನಡೆಯಿತೋ ನಾನು ಹೇಳಲಾರೆ, ಅವರೂ ಯಾವತ್ತೂ ಹೇಳಲಿಲ್ಲ. ಆಮೇಲೆ ಕೈ ಬಿಡಿಸಿಕೊಂಡು ಆ ತುದಿಗೆ ಸರಿದು ಕುಳಿತರು. ಅವಳನ್ನು ಮೊದಲು ಕೇಳಿದ್ದು ಏನು ಗೊತ್ತೆ?

“ನಿಲ್ಲೋ ಮೊದಲು ಶಬ್ದ ಬಂದಿತ್ತಾ?”

ಅವಳು ಕಕ್ಕಾಬಿಕ್ಕಿಯಾಗಿ, “ಬೆಳಿಗ್ಗೆ ಸ್ಟಾರ್ಟ್ ಮಾಡುವಾಗಲೇ ಎಂತದೋ ಶಬ್ದ ಬಂದಿತ್ತಂತೆ. ಚಳಿಗೆ ಇರ್ಬೇಕು ಹೇಳಿ ಹಂಗೇ ಹೊರಟ್ರಂತೆ” ಎಂದಳು.

ಅಕ್ಕೋರು ತಲೆಯಾಡಿಸಿದರು. ತಮ್ಮ ಫೋನ್ ತೆಗೆದು ಗ್ಯಾರೇಜಿನ ಸಾಹೇಬರಿಗೆ ಹಚ್ಚಿದರು. “ಸಾಹೇಬ್ರೆ, ನನ್ನ ಗಾಡಿ ಅಲ್ಲ, ಅದು ಬಂದು ಮುಟ್ಟಿತು. ಶಿರಾಲಿ ಹತ್ರ ಒಂದು ಗಾಡಿ ನಿಂತದೆ. ಒಳಗೆ ಪೇಶಂಟ್ ಇದ್ದಾರೆ. ರಿಪೇರಿ ಮಾಡ್ತಾ ಕೂತ್ಕೊಬೇಡಿ, ನಿಮ್ಮ ಗಾಡಿಯಲ್ಲೇ ಕೂರಿಸಿ ಇಲ್ಲಿಗೆ ಕರ್ಕೊಂಡು ಬನ್ನಿ.” ಅವಳ ಭಾವನ ನಂಬರು ಕೇಳಿ ಹೇಳಿದರು. ಅವಳು ಅಕ್ಕೋರ ಕಾಲು ಮುಟ್ಟಲು ಹೋದಳು. ಅಕ್ಕೋರು ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

ಸಾಹೇಬರು ಕರೆತಂದರು. ಹೇಗೆ ಓಡಿಸಿದರೋ ದೇವರಿಗೇ ಗೊತ್ತು. ನರ್ಸ್ ಎರಡು ಸಲ ಗಡಿಯಾರ ನೋಡಿದ್ದರು, ಇನ್ನೇನು ಯಜಮಾನರಿಗೆ ಬಟ್ಟೆ ಬದಲಾಯಿಸಬೇಕು ಎನ್ನುವಷ್ಟರಲ್ಲಿ ಗಾಲಿ ಕುರ್ಚಿಯೊಂದು ಬಂತು. ಅದರಲ್ಲಿ ಕುಳಿತಿದ್ದವಳು ನನಗಿಂತ ಚಿಕ್ಕವಳು, ಮುಖವೆಲ್ಲ ಊದಿತ್ತು. ಹಿಂದೆ ಬಂದ ಸಾಹೇಬರು ನಮ್ಮನ್ನು ಕಂಡು ಸಂತೋಷದಿಂದ, “ಟೀಚರ್, ನಿಮ್ಮದು ಎಲ್ಲ ಆತಾ?” ಎಂದರು. ಅಕ್ಕೋರು, “ಆತು ಸಾಹೇಬ್ರೆ, ಚಾ ಕುಡೀರಿ” ಎಂದರು. ನಾನು ಗೋಡೆಯ ಕಡೆಗೆ ತಿರುಗಿಕೊಂಡೆ.

ಅಕ್ಕೋರು ಫೋನ್ ಮಾಡದಿದ್ದರೂ ಅವರು ಹೇಗಾದರೂ ಬಂದು ಮುಟ್ಟುತ್ತಿದ್ದರೋ ಏನೋ. ಯಾರಾದರೂ ಪುಣ್ಯಾತ್ಮ ಗಾಡಿ ನಿಲ್ಲಿಸುತ್ತಿದ್ದನೋ ಏನೋ. ಹೀಗೆ ಅಂದುಕೊಂಡು ಎಷ್ಟೋ ಸಲ ಸಮಾಧಾನ ಮಾಡಿಕೊಳ್ಳಲು ನೋಡಿದ್ದೇನೆ, ಆಗಿಲ್ಲ.

ವಾಪಸು ಬರುವಾಗ ಬಿಸಿಲು ಏರಿತ್ತು. ಕಾರು ಬೆಣ್ಣೆಯ ಹಾಗೆ ಓಡುತ್ತಿತ್ತು. ಬೈಂದೂರು ದಾಟುವವರೆಗೆ ಯಜಮಾನರು ಕಿಟಕಿಯ ಹೊರಗೆ ಸಮುದ್ರ ನೋಡುತ್ತಿದ್ದರು. ಆಮೇಲೆ ಕೇಳಿದರು:

“ಅವ್ಕೆ ಗಾಡಿ ಎಲ್ಲಿ ಸಿಕ್ತಡ?”

“ಆನೇ ಸಾಹೇಬ್ರಿಗೆ ಫೋನ್ ಮಾಡ್ದೆ” ಎಂದು ಅಕ್ಕೋರು ತಾವೇ ಮಾಡಿದ್ದನ್ನು ಒಪ್ಪಿಕೊಂಡರು. ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ಯಜಮಾನರು ತಂಬಿಗೆಯಿಂದ ಒಂದು ಗುಟುಕು ನೀರು ಬಾಯಿಗೆ ಹಾಕಿ, ಅದನ್ನು ತುಂಬಾ ಹೊತ್ತು ಆಡಿಸಿ ನುಂಗಿದರು.

“ಅಡ್ಡಿಲ್ಲೆ. ಮಾಡದೇ ಇದ್ದಿದ್ರೆ ನಿಂಗೆ ನಿದ್ದೆ ಬತ್ತಿತ್ತಿಲ್ಲೆ. ನಿಂಗೆ ನಿದ್ದೆ ಇಲ್ದೇ ಹೋದ್ರೆ ಎಂಗೂ ಇಲ್ಲೆ.”

ಅಕ್ಕೋರು ಆಗ ಅತ್ತರು. ಕಾರು ನಿಲ್ಲಿಸಲಿಲ್ಲ, ಅಳುತ್ತಲೇ ಓಡಿಸಿದರು.

ಸಾಹೇಬರಿಗೆ ನಿಜ ಹೇಳಿದವಳು ನಾನು. ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ ಒಂದು ದಿನ ಗ್ಯಾರೇಜಿಗೆ ಹೋಗಿ ಎಲ್ಲ ಹೇಳಿದೆ. ಅವರು ಅಲ್ಲೇ ಇದ್ದ ಟಯರಿನ ಮೇಲೆ ಕುಳಿತುಬಿಟ್ಟರು. “ನನಗೆ ಹೇಳ್ಬೇಕಿತ್ತು” ಎಂದರು. ಹೇಳಿದ್ದರೆ ನೀವು ಹೋಗುತ್ತಿರಲಿಲ್ಲವೇ ಎಂದು ಕೇಳಿದೆ. ಅವರು ಕೈಯ ಗ್ರೀಸನ್ನು ಬಟ್ಟೆಗೆ ಒರೆಸತೊಡಗಿದರು.

ಮತ್ತೆ ಕಾಯುವುದು ಶುರುವಾಯಿತು. ಹಿಂದೆ ಫೋನ್ ಬರುವುದಿಲ್ಲವೇನೋ ಎಂದು ಹೆದರುತ್ತಿದ್ದರು, ಈಗ ಬಂದರೂ ಆಗುವುದಿಲ್ಲವೇನೋ ಎಂಬ ಹೆದರಿಕೆಯೂ ಸೇರಿತು. ಆ ಮಳೆಗಾಲದಲ್ಲಿ ಯಜಮಾನರು ತೀರಿಕೊಂಡರು. ಡಯಾಲಿಸಿಸ್ ಮುಗಿಸಿ ಬಂದು, ಸ್ವಲ್ಪ ಮಲಗುತ್ತೇನೆ ಎಂದವರು ಏಳಲಿಲ್ಲ. ಎಲ್ಲಿಗೂ ಒಯ್ಯುವ ಪ್ರಶ್ನೆಯೇ ಬರಲಿಲ್ಲ. ಅಂಗಳದಲ್ಲಿ ಕಾರು, ಡಿಕ್ಕಿಯಲ್ಲಿ ಚೀಲ, ಟ್ಯಾಂಕಿನಲ್ಲಿ ಡೀಸೆಲ್, ಎಲ್ಲವೂ ತಯಾರಾಗಿಯೇ ಇತ್ತು.

ಕ್ರಿಯೆಯ ದಿನಗಳೆಲ್ಲ ಮುಗಿದ ಮೇಲೆ ಸಾಹೇಬರು ಮನೆಗೆ ಬಂದರು. ಹೊರಡುವಾಗ ಮೆಲ್ಲಗೆ, “ಟೀಚರ್, ಚಳಿ ಶುರುವಾದ ಮೇಲೆ ಗಾಡಿ ಒಂದು ರಾತ್ರಿ ನನ್ನ ಹತ್ರ ಬಿಡಿ. ಆ ಶಬ್ದ ನೋಡಿಬಿಡ್ತೇನೆ” ಎಂದರು. ಅಕ್ಕೋರು, “ಈಗ ಎಂತಕ್ಕೆ ಸಾಹೇಬ್ರೆ? ಇರ್ಲಿ ಬಿಡಿ” ಎಂದರು. ಕೊನೆಗೂ ಬಿಡಲಿಲ್ಲ.

ಕಂಬಳಿ ಹೊದಿಸುವುದು ನಿಂತಿತು. ಮುಂಜಾನೆ ಸ್ಟಾರ್ಟ್ ಮಾಡಿ ನೋಡುವುದೂ ನಿಂತಿತು. ನಾವು ಶಾಲೆಗೆ ಹೋಗಿ ಬರುತ್ತಿದ್ದೆವು. ಆಸ್ಪತ್ರೆಗೆ ಫೋನ್ ಮಾಡಿ ಹೆಸರು ತೆಗೆಸಬೇಕು ಎಂದು ಅಕ್ಕೋರು ಒಂದೆರಡು ಸಲ ನನ್ನ ಮುಂದೆ ಅಂದರು. ನಾನು ಮಾಡಲೇ ಎಂದರೆ, “ಬೇಡ, ನಾನೇ ಮಾಡ್ತೇನೆ” ಎನ್ನುತ್ತಿದ್ದರು. ಮಾಡಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಎಲ್ಲಿಯೋ ಒಂದು ಪಟ್ಟಿಯಲ್ಲಿ ಯಜಮಾನರ ಹೆಸರು ಕಾಯುತ್ತಿರುವುದು ಇವರಿಗೆ ಬೇಕಾಗಿತ್ತೇನೋ.

ಆ ಡಿಸೆಂಬರಿನ ಒಂದು ಬೆಳಿಗ್ಗೆ ನಾವು ಶಾಲೆಗೆ ಹೊರಟಿದ್ದೆವು. ಒಳ್ಳೆಯ ಚಳಿ, ಗಾಜಿನ ಮೇಲೆಲ್ಲ ಮಂಜು. ಅಕ್ಕೋರು ಕೀಲಿ ತಿರುಗಿಸಿದರು. ಕಿಂಯ್, ಪಟಪಟ. ಅವರು ಸುಮ್ಮನೆ ಕೈ ಕಟ್ಟಿಕೊಂಡು, ಎಂಜಿನ್ ಬಿಸಿಯಾಗಲಿ ಎಂದು ಕಾಯುತ್ತಿದ್ದಾಗ ಫೋನ್ ರಿಂಗಾಯಿತು. ಫೋನಿನಿಂದ ಆಚೆ ಕಡೆಯವರ ಮಾತು ನನಗೂ ಕೇಳುತ್ತಿತ್ತು. ಆಸ್ಪತ್ರೆಯವರು. ಯಜಮಾನರ ಹೆಸರು ಹೇಳಿ, ಒಂದು ಕಿಡ್ನಿ ಸಿಕ್ಕಿದೆ, ಈ ಸಲ ನಿಮ್ಮದೇ ಮೊದಲ ಹೆಸರು, ಎಷ್ಟು ಹೊತ್ತಿಗೆ ಬಂದು ಮುಟ್ಟುತ್ತೀರಿ ಎಂದು ಕೇಳಿದರು.

ಅಕ್ಕೋರು ಕಣ್ಣು ಮುಚ್ಚಿದರು. ಎಂಜಿನ್ ಇನ್ನೂ ಪಟಪಟ ಎನ್ನುತ್ತಿತ್ತು.

“ನಾವು ಬರೋದಿಲ್ಲ” ಎಂದರು. ದನಿ ಸ್ಪಷ್ಟವಾಗಿತ್ತು. “ಅವರು ತೀರಿಕೊಂಡ್ರು, ನಾನೇ ನಿಮಗೆ ತಿಳಿಸಬೇಕಿತ್ತು. ಈಗ ನೀವು ನನ್ನ ಹತ್ರ ಮಾತಾಡ್ತಾ ಕೂತ್ಕೊಬೇಡಿ. ಎರಡನೇ ಹೆಸರಿನವರಿಗೆ ಬೇಗ ಫೋನ್ ಮಾಡಿ. ಇವತ್ತು ಚಳಿ ಜೋರಾಗಿದೆ, ಅವರ ಗಾಡಿ ಸ್ಟಾರ್ಟ್ ಆಗ್ಲಿಕ್ಕೆ ಹೊತ್ತು ಬೇಕಾಗ್ತದೆ.”

ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ಹಾಗೇ ಕುಳಿತಿದ್ದರು. ಆಮೇಲೆ ಗೇರ್ ಹಾಕಿದರು. ಅವತ್ತು ನಾವು ಶಾಲೆ ಮುಟ್ಟುವಾಗ ಪ್ರಾರ್ಥನೆ ಮುಗಿದು, ಮಕ್ಕಳು ತರಗತಿಗೆ ಹೋಗಿಯಾಗಿತ್ತು.